ಮೂರು ಕೂಗಿನ ಜಿಂಕೆ

ಒಂದಾನೊಂದು ಕಾಲದಲ್ಲಿ, ನಾನೂ ಹುಟ್ಟಿರಲಿಲ್ಲ, ನಮ್ಮಜ್ಜಿನೂ ಹುಟ್ಟಿರಲಿಲ್ಲ, ಆಗ ಕಾಡಂಚಲ್ಲಿ ಒಂದು ಊರಿತ್ತಂತೆ. ಕಾಲು ಆಡಿಸಬೇಡ, ಸುಮ್ನೆ ಮಲಕ್ಕೊಂಡು ಕೇಳು. ಆ ಕಾಡು ಯಾರಪ್ಪನ ಸೊತ್ತೂ ಅಲ್ವಂತೆ, ಇಡೀ ಊರಿಂದು. ಅದಕ್ಕೇ ಅಲ್ಲೊಂದು ಕಟ್ಟಳೆ. ಜಿಂಕೆ ಹೊಡೆದವನು ಅಲ್ಲೇ ನಿಂತು, ಊರಿಗೆ ಕೇಳೋ ಹಂಗೆ ಮೂರು ಸಲ ಕೂಗಬೇಕು. ಕೂಗು ಕೇಳಿ ಓಡಿ ಬಂದು, ಚರ್ಮ ಸುಲಿಯೋ ಮುಂಚೆ ಜಿಂಕೆ ಮುಟ್ಟಿದವರಿಗೆಲ್ಲ ಒಂದೊಂದು ಪಾಲು. ಕೂಗದೆ ಸುಲಿದವನು ಮತ್ತೆ ಕಾಡಿಗೆ ಕಾಲಿಡೋ ಹಂಗಿಲ್ಲ.

ಆ ಊರಲ್ಲಿ ದುಗ್ಗ, ಕೆಂಚ, ಸಣ್ಣೀರ ಅಂತ ಮೂವರು ಅಣ್ಣತಮ್ಮಂದಿರು. ಸಣ್ಣೀರನ ಹೆಂಡ್ತಿ ನಿಂಗಿ ಏಳು ತಿಂಗಳ ಬಸುರಿ. ಅವಳಿಗೆ ಜಿಂಕೆ ಬಾಡಿನ ಬಯಕೆ ಹತ್ತಿ, ಮುದ್ದೆ ಸೇರದೆ, ಅನ್ನ ಸೇರದೆ, ದಿನೇ ದಿನೇ ಸೊರಗ್ತಾ ಹೋದಳಂತೆ. ಸಣ್ಣೀರ ಕಂಗಾಲಾದ. ಅಣ್ಣಂದಿರು, ನಾವು ಹೊಡ್ಕೊಂಡು ಬರ್ತೀವಿ ಬಿಡೋ, ಆದ್ರೆ ಕೂಗಲ್ಲ, ಕೂಗಿದ್ರೆ ಊರೆಲ್ಲ ಬಂದು ನಿಂಗಿಗೆ ಗೊರಸು ಉಳಿಯುತ್ತೆ ಅಂದ್ರಂತೆ.

ಮೊದಲನೇ ದಿನ ದುಗ್ಗ ಒಂದು ಜಿಂಕೆ ಕೆಡವಿದ. ಕೂಗಲಿಲ್ಲ. ಒಬ್ಬನಿಂದ ಹೊರೋಕಾಗದೆ, ಹೆಂಡ್ತೀನ ಕರೆತರೋಕೆ ಮನೆಗೆ ಓಡಿದ. ತಿರುಗಿ ಬರೋ ಹೊತ್ತಿಗೆ ಸೀಳುನಾಯಿ ಹಿಂಡು ತಿಂದು ಕೊಂಬು ಮಾತ್ರ ಬಿಟ್ಟಿತ್ತಂತೆ.

ಆಮೇಲೆ ಎರಡನೇ ದಿನ ಕೆಂಚ ಒಂದು ಜಿಂಕೆ ಬೀಳಿಸಿದ. ಇವನು ಭಾರಿ ಬುದ್ಧಿವಂತ. ಕೂಗಿದ ಹಂಗೂ ಆಗಬೇಕು, ಯಾರಿಗೂ ಕೇಳಲೂಬಾರದು ಅಂತ, ಕುಡಿಯೋಕೆ ತಂದಿದ್ದ ನೀರಿನ ಗಡಿಗೆಯೊಳಗೆ ಮುಖ ತೂರಿಸಿ ಕೂಗಿದನಂತೆ. ತಲೆ ಸಿಕ್ಕಿಹಾಕ್ಕೊಂತು. ನಗಬೇಡ, ನಿದ್ದೆ ಹಾರಿಹೋಗುತ್ತೆ. ಗಡಿಗೇನ ಮರಕ್ಕೆ ಕುಟ್ಟಿ ಒಡೆದು ನೋಡ್ತಾನೆ, ಜಿಂಕೆನೇ ಇಲ್ಲ! ಬಾಣ ಬರೀ ಕೊಂಬಿಗೆ ತಾಗಿ ಅದು ತಲೆ ತಿರುಗಿ ಬಿದ್ದಿತ್ತು, ಎದ್ದು ಹೋಯ್ತಂತೆ.

ಮೂರನೇ ದಿನ ಸಣ್ಣೀರನ ಬಾಣಕ್ಕೆ ಜಿಂಕೆ ಬಿತ್ತು. ಕೂಗಿದ್ರೆ ನಿಂಗಿಗೆ ಒಂದು ಹಿಡಿ, ಕೂಗದಿದ್ರೆ ನಾಳೆಯಿಂದ ಕಾಡೇ ಇಲ್ಲ. ಅಲ್ಲೇ ಕೂತು ಅತ್ತುಬಿಟ್ಟನಂತೆ. ಆಮೇಲೆ ಎದ್ದು, ಎದೆ ತುಂಬ ಉಸಿರೆಳ್ಕೊಂಡು ಮೂರು ಸಲ ಕೂಗಿದ. ಊರಿಗೆ ಊರೇ ಬಂತು. ಎಲ್ಲರಿಗಿಂತ ಮುಂಚೆ ಬಂದೋರು ಆ ಅಣ್ಣಂದಿರೇ, ನಾಚಿಕೆ ಇಲ್ದೋರು.

ಪಾಲು ಹಾಕೋ ಬೋರಜ್ಜ ಇನ್ನೇನು ಕತ್ತಿ ಇಡಬೇಕು, ತಡೀರೋ ತಡೀರೋ ಅಂತ ಹೊಟ್ಟೆ ಹಿಡ್ಕೊಂಡು ನಿಂಗಿ ಬಂದಳು. ಗಂಡನ ಕೂಗು ಗುರುತು ಹಿಡಿದು, ಒಲೆ ಮೇಲಿನ ಎಸರು ಹಂಗೇ ಬಿಟ್ಟು ಬಂದಿದ್ದಳಂತೆ. ಏದುಸಿರು ಬಿಡ್ತಾ ಜಿಂಕೆ ಮುಟ್ಟಿ ಅಲ್ಲೇ ಕೂತಳು. ಬೋರಜ್ಜ ಎಣಿಸ್ತಾ ಬಂದ. ಹೊಡೆದವನಿಗೆ ಒಂದು, ವಾಡಿಕೆಯಂತೆ ಅವನ ಬಿಲ್ಲಿಗೆ ಒಂದು, ನಿಂಗಿಗೆ ಒಂದು. ಆಮೇಲೆ ಅವಳ ಹೊಟ್ಟೆ ನೋಡಿ, ಒಳಗಿರೋ ಕೂಸೂ ಬಂದದೆ ಅಲ್ವೇನ್ರೋ, ನಡ್ಕೊಂಡು ಬಂದ್ರೇನು, ಹೊತ್ಕೊಂಡು ಬಂದ್ರೇನು, ಅದಕ್ಕೂ ಒಂದು ಹಾಕಿ ಅಂದನಂತೆ. ಒಂದೇ ಮನೆಗೆ ನಾಕು ಪಾಲು! ಅಣ್ಣಂದಿರು ಒಂದೊಂದು ಪಾಲು ತಗೊಂಡು, ತಲೆ ಎತ್ತದೆ ಮನೆಗೆ ಹೋದ್ರಂತೆ.

ನಿಂಗಿಗೆ ಮನೆ ತನಕ ತಡೆಯೋಕೆ ಎಲ್ಲಿ ಆಗುತ್ತೆ? ಅಲ್ಲೇ ಕೆಂಡದ ಮೇಲೆ ಸುಟ್ಕೊಂಡು, ತಿಂಗಳಿಂದ ಏನೂ ಸೇರದೆ ಇದ್ದೋಳು ಹೊಟ್ಟೆ ತುಂಬ ತಿಂದು ನಕ್ಕಳಂತೆ. ಅವಳು ತಿನ್ನೋದು ನೋಡ್ತಾ ಕೂತ ಸಣ್ಣೀರ ತಾನು ತಿನ್ನೋದೇ ಮರೆತನಂತೆ. ಅಲ್ಲಿಗೆ ಕತೆ ಮುಗೀತು, ಅವರು ಉಂಡು ಮಲಗಿದ್ರು, ನೀನೂ ಈ ಕಡೆ ಮಗ್ಗುಲಾಗಿ ಮಲಕ್ಕೋ.