ಕೈ ಕಾಣುವ ಸೀರೆ

ಬೆಟಗೇರಿಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಅವಳ ತಾಯಿ ಶಾಂತವ್ವನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಕಲಿತ ಕೈಸನ್ನೆಯ ಭಾಷೆಯೇ ಅವಳ ಮಾತು. ಹೀಗಾಗಿ ಕಸ್ತೂರಿ ಬಾಯಿಂದ 'ಅವ್ವ' ಅನ್ನುವ ಮೊದಲೇ ಕೈಯಿಂದ ಅಂದಿದ್ದಳು.

ಒಮ್ಮೆ ಶಾಂತವ್ವನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಆಕೆ ಎಷ್ಟು ಸನ್ನೆ ಮಾಡಿದರೂ ಯಾರಿಗೂ ತಿಳಿಯಲಿಲ್ಲ. ಹೊಟ್ಟೆನೋವೆಂದು ತಿಳಿದು ಗುಳಿಗೆ ಕೊಟ್ಟರು. ಒಂಬತ್ತು ವರ್ಷದ ಕಸ್ತೂರಿ ಶಾಲೆಯಿಂದ ಓಡಿಬಂದು ತಾಯಿಯ ಕೈ ನೋಡಿ ಹೇಳಿದ ಮೇಲೆಯೇ ವೈದ್ಯರು ಎದೆಗೆ ಕಿವಿಗೊಟ್ಟರು. ತಾಯಿ ಉಳಿದಳು. ದೊಡ್ಡವಳಾದ ಮೇಲೆ ಕಸ್ತೂರಿ ಎರಡು ವರ್ಷ ಅದೇ ಭಾಷೆಯ ತರಬೇತಿ ಪಡೆದಳು.

ಮುಂದೆ ದೊಡ್ಡ ಆಸ್ಪತ್ರೆಯೊಂದು ಅಂಥವರನ್ನೇ ಹುಡುಕುತ್ತಿದೆ ಎಂದು ತಿಳಿಯಿತು. ಕಿವಿ ಕೇಳದ ರೋಗಿಗಳ ಸನ್ನೆಯನ್ನು ವೈದ್ಯರಿಗೆ ಹೇಳಬೇಕು, ವೈದ್ಯರ ಮಾತನ್ನು ರೋಗಿಗಳಿಗೆ ಸನ್ನೆಯಲ್ಲಿ ತಿಳಿಸಬೇಕು. ಕೆಲಸ ಒಂದೇ, ಅರ್ಜಿ ಹಲವು. ಸಂದರ್ಶನ ಮೊಬೈಲಿನಲ್ಲಿ, ವಿಡಿಯೋ ಮೂಲಕ.

ಆ ದಿನ ಬೆಳಿಗ್ಗೆಯೇ ಪಕ್ಕದ ಮನೆಯ ಸೋದರತ್ತೆ ಚನ್ನಬಸವ್ವ ತನ್ನ ಮದುವೆಯ ರೇಷ್ಮೆ ಸೀರೆ ಹಿಡಿದು ಬಂದಳು. ಮೈತುಂಬ ಜರಿ. ಎರಡೂ ಕೈಗೆ ಡಜನ್ ಬಳೆ.

"ಇದನ್ನ ಉಟ್ಕೋ. ನಿನ್ನ ನೋಡಿದ ಕೂಡಲೇ ಅವರು ಎದ್ದು ಕುಂದರಬೇಕು!" ಅಂದಳು. ಕಸ್ತೂರಿಯ ಮೈಬಣ್ಣ ಕಪ್ಪು. ಅತ್ತೆ ಅವಳ ಮುಖಕ್ಕೂ ಕೈಗೂ ಪೌಡರು ಹಚ್ಚಿದಳು.

ಕಸ್ತೂರಿ ಸೀರೆ ಉಟ್ಟು ಮೊಬೈಲಿನ ಮುಂದೆ ಕೂತಳು. ಅತ್ತೆಯ ಮೊಬೈಲನ್ನು ಒಳಕೋಣೆಯಲ್ಲಿ ತಾಯಿಯ ಕೈಗೆ ಕೊಟ್ಟಳು. ಒಮ್ಮೆ ಪರೀಕ್ಷೆ ಮಾಡೋಣ ಎಂದು ವಿಡಿಯೋ ಕರೆಯಲ್ಲಿ ತಾಯಿಯ ಜೊತೆ ಸನ್ನೆಯಲ್ಲಿ ಮಾತಾಡಿದಳು.

ಪರದೆಯಲ್ಲಿ ಶಾಂತವ್ವ ಕಣ್ಣು ಕಿರಿದು ಮಾಡಿದಳು. 'ಏನಂದಿ? ಮತ್ತೊಮ್ಮೆ ಹೇಳು' ಎಂದು ಸನ್ನೆ ಮಾಡಿದಳು. ಕಸ್ತೂರಿ ಮತ್ತೊಮ್ಮೆ ಹೇಳಿದಳು. ತಾಯಿ ಮೊಬೈಲನ್ನು ಕಣ್ಣ ಹತ್ತಿರ ತಂದಳು, ದೂರ ಹಿಡಿದಳು, ಕೊನೆಗೆ ಸೋತು ತಲೆಯಾಡಿಸಿದಳು. ಜರಿಯ ಮಿಂಚಿನಲ್ಲಿ, ಬಳೆಗಳ ಹೊಳಪಿನಲ್ಲಿ ಮಗಳ ಬೆರಳು ಎಲ್ಲಿವೆ ಎಂದೇ ಅವಳಿಗೆ ತಿಳಿಯಲಿಲ್ಲ.

ಹುಟ್ಟಿದಾಗಿನಿಂದ ತನ್ನ ಕೈಮಾತು ಓದಿದ ಅವ್ವನಿಗೇ ಕಾಣದಿದ್ದರೆ ಇನ್ನಾರಿಗೆ ಕಂಡೀತು? ಕಸ್ತೂರಿ ಎದ್ದಳು. ಬಳೆ ಕಳಚಿದಳು, ಪೌಡರು ತೊಳೆದಳು. ತಾಯಿಯ ಟ್ರಂಕಿನಿಂದ ಅಂಚೇ ಇಲ್ಲದ ಒಂದು ಬಿಳಿ ಹತ್ತಿ ಸೀರೆ ತೆಗೆದಳು.

ಅತ್ತೆ ಹೌಹಾರಿದಳು. "ಮದಿವಿ ಆಗಬೇಕಾದ ಹುಡುಗಿ ಗಂಡ ಇಲ್ಲದಾಕಿ ಸೀರಿ ಉಡತಿಯೇನ? ಅದೂ ಶುಭಕೆಲಸಕ್ಕ!"

"ಅತ್ತೀ, ನಿಮ್ಮ ಸೀರಿ ಭಾಳ ಚೆಂದ ಐತ್ರಿ. ಆದರ ಅದರಾಗ ನನ್ನ ಮಾತು ಕಳದು ಹೋಗತೈತ್ರಿ."

ಅಷ್ಟರಲ್ಲಿ ಶಾಂತವ್ವ ಬಂದು ಸೀರೆಯ ತುದಿ ಹಿಡಿದುಕೊಂಡಳು. 'ಇದು ನನ್ನ ಪಾಲಿಗೆ ಬಂದದ್ದು. ನಿನಗೆ ಬೇಡ' ಎಂದು ಸನ್ನೆ ಮಾಡಿದಳು. ಅವಳ ಕಣ್ಣು ತುಂಬಿತ್ತು.

ಕಸ್ತೂರಿ ಸೀರೆಯನ್ನು ತೊಡೆಯ ಮೇಲಿಟ್ಟು ಕೈಯಲ್ಲೇ ಹೇಳಿದಳು: 'ಅವ್ವಾ, ನಾಳೆ ನಿನ್ನಂಥ ಒಬ್ಬಳು ಡಾಕ್ಟರ ಮುಂದೆ ಹೆದರಿ ಕೂತಿರುತ್ತಾಳೆ. ಅವಳಿಗೆ ನನ್ನ ಕೈ ಕಾಣಬೇಕು.'

ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಾನೇ ನೆರಿಗೆ ಹಿಡಿದು ಉಡಿಸಿದಳು.

ಮಧ್ಯಾಹ್ನ ಕರೆ ಬಂತು. ಆಚೆ ಇಬ್ಬರಿದ್ದರು, ಒಬ್ಬ ವೈದ್ಯರು ಮತ್ತು ಕನ್ನಡಕ ಹಾಕಿದ ಒಬ್ಬ ಹಿರಿಯರು. ವೈದ್ಯರು ಒಂದು ಚೀಟಿ ನೋಡಿ ಓದಿದರು: "ನಿಮ್ಮ ಮಗುವಿನ ಜ್ವರ ಇಳಿದಿದೆ. ಈ ಔಷಧಿ ಊಟವಾದ ಮೇಲೆ ಮಾತ್ರ ಕೊಡಿ. ಹೆದರಬೇಡಿ." ಕಸ್ತೂರಿ ಅದನ್ನು ಕೈಯಲ್ಲಿ ಹೇಳಿದಳು.

ಹಿರಿಯರು ಕುರ್ಚಿಯಿಂದ ಮುಂದೆ ಬಾಗಿದರು. ಅವರ ಎರಡೂ ಕೈ ಮೇಲೆದ್ದವು. ಅವರಿಗೂ ಕಿವಿ ಕೇಳುತ್ತಿರಲಿಲ್ಲ! ಆ ಭಾಷೆ ಕಲಿಸುವ ಗುರುಗಳು ಅವರು, ಪರೀಕ್ಷೆ ಮಾಡಲೆಂದೇ ಬಂದು ಕೂತಿದ್ದರು. ಮಗುವಿನ ತಂದೆಯಂತೆ ಗಾಬರಿಯಿಂದ ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಕಸ್ತೂರಿ ಪ್ರತಿಯೊಂದನ್ನೂ ವೈದ್ಯರಿಗೆ ಬಾಯಲ್ಲಿ ಹೇಳಿ, ಅವರ ಉತ್ತರವನ್ನು ಸನ್ನೆಯಲ್ಲಿ ತಿಳಿಸಿದಳು.

ನಡುವೆ ನೆಟ್‌ವರ್ಕ್ ಕೈಕೊಟ್ಟಿತು. ಚಿತ್ರ ಮಸುಕಾಯಿತು, ಧ್ವನಿ ಪೂರ್ತಿ ನಿಂತಿತು. ವೈದ್ಯರು ಕಿವಿ ಮುಟ್ಟಿಕೊಂಡು 'ಕೇಳಿಸುತ್ತಿಲ್ಲ' ಎಂದು ಒದ್ದಾಡಿದರು. ಆದರೆ ಆ ಮಸುಕಿನಲ್ಲೂ, ಬಿಳಿ ಸೀರೆಯ ಮುಂದೆ ಕಸ್ತೂರಿಯ ಕಪ್ಪು ಕೈಗಳು ಹಾಳೆಯ ಮೇಲಿನ ಅಕ್ಷರದಂತೆ ಎದ್ದು ಕಾಣುತ್ತಿದ್ದವು. ಗುರುಗಳು ಕೇಳುತ್ತಲೇ ಇದ್ದರು, ಅವಳು ಹೇಳುತ್ತಲೇ ಇದ್ದಳು. ಸದ್ದೇ ಇಲ್ಲದ ಲೋಕದಲ್ಲಿ ಮಾತು ಹೊಳೆಯಂತೆ ಹರಿಯಿತು. ಕಿವಿ ಇದ್ದ ವೈದ್ಯರು ಸುಮ್ಮನೆ ಕೂತು ನೋಡಿದರು. ಬಾಗಿಲಲ್ಲಿ ಮುಖ ತಿರುಗಿಸಿ ಕೂತಿದ್ದ ಅತ್ತೆ ಯಾವಾಗಲೋ ಎದ್ದು ಬಂದು, ಕಸ್ತೂರಿಯ ಕೈಗಳನ್ನೇ ನೋಡುತ್ತ ನಿಂತಿದ್ದಳು.

ಧ್ವನಿ ಮರಳಿದಾಗ ಗುರುಗಳು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ಕೊಟ್ಟರು. ವೈದ್ಯರು ಗಟ್ಟಿಯಾಗಿ ಓದಿದರು: "ಬೆಳಗಿನಿಂದ ಹನ್ನೊಂದು ಜನರನ್ನು ನೋಡಿ ಕಣ್ಣು ದಣಿದಿತ್ತು. ಚೌಕಳಿ ಅಂಗಿ, ಹೂವಿನ ಸೀರೆ, ಹೊಳೆಯುವ ಉಂಗುರ ಎಲ್ಲವೂ ಕಂಡವು. ಈಕೆ ಬಂದ ಮೇಲೆ ನನಗೆ ಮಾತು ಕಂಡಿತು."

ಗುರುಗಳು ಸನ್ನೆಯಲ್ಲಿ ಕೇಳಿದರು: 'ಹೀಗೆ ಉಡಬೇಕೆಂದು ನಿನಗೆ ತೋರಿಸಿಕೊಟ್ಟವರು ಯಾರು?'

ಕಸ್ತೂರಿ ಮೊಬೈಲನ್ನು ತಾಯಿಯತ್ತ ತಿರುಗಿಸಿದಳು. ಗುರುಗಳು ಎದ್ದು ನಿಂತು ಕೈಮುಗಿದರು. ಶಾಂತವ್ವ ಬೆರಗಾದಳು. ತನ್ನ ಹಾಗೆಯೇ ಕಿವಿ ಕೇಳದವರೊಬ್ಬರು ವೈದ್ಯರ ಸರಿಸಮ ಕುರ್ಚಿಯಲ್ಲಿ ಕೂತದ್ದನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಕೈಯೆತ್ತಿ ಸನ್ನೆಯಲ್ಲಿ ಏನೋ ಹೇಳಿದಳು.

"ಏನಂದ್ಲು ಶಾಂತವ್ವ?" ಅತ್ತೆ ಪಿಸುಗುಟ್ಟಿದಳು.

"'ಆಸ್ಪತ್ರಿಯೊಳಗ ನನ್ನ ಮಾತು ತಿಳಿಯೋರು ಅದಾರ ಅಂತ ಇವತ್ತ ಗೊತ್ತಾತು' ಅಂದ್ಲರೀ," ಅಂದಳು ಕಸ್ತೂರಿ.

ಎಂಟನೆಯ ದಿನ ನೇಮಕದ ಪತ್ರ ಬಂತು.

ನೀತಿ: ಉಡುವ ಮೊದಲು ಕನ್ನಡಿಯನ್ನಷ್ಟೇ ಕೇಳಬೇಡಿ, ಎದುರಿಗೆ ಕೂರುವವರ ಕಣ್ಣನ್ನೂ ನೆನೆಯಿರಿ. ನಮ್ಮನ್ನು ಮೆರೆಸುವುದಕ್ಕಿಂತ ನಮ್ಮ ಕೆಲಸವನ್ನು ಕಾಣಿಸುವ ಉಡುಪೇ ದೊಡ್ಡ ಉಡುಪು.