ವ್ಯಾಪಾರಿಯ ಹೊಟ್ಟೆಯ ಗಡ್ಡೆ

‘ಗುರುಗಳೇ, ಕೆಟ್ಟದ್ದಿರಬಹುದು ಅನ್ನಿಸಿದ್ದನ್ನು ಬೆಳೆಯುವ ಮೊದಲೇ ಕಿತ್ತುಹಾಕುವುದು ಜಾಣತನವಲ್ಲವೇ?’

ಆಶ್ರಮದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಶಾಂಭವಿ ಪ್ರಶ್ನೆಯ ನೆಪದಲ್ಲಿ ಅಪ್ಪಣೆ ಕೇಳುತ್ತಿದ್ದಳು. ಜೈಲಿನಿಂದ ಬಿಡುಗಡೆಯಾಗಿ ಆಶ್ರಮಕ್ಕೆ ಬಂದಿದ್ದ ದ್ಯಾಮವ್ವನನ್ನು ಅವತ್ತೇ ಹೊರಗೆ ಕಳಿಸಬೇಕೆಂದು ಅವಳ ಮನಸ್ಸು. ದ್ಯಾಮವ್ವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅದು ಶಾಂಭವಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತೀರ್ಮಾನ ಗುರುಗಳ ಬಾಯಲ್ಲಿ ಬರಲಿ ಎಂದು ಕಾದಿದ್ದಳು.

‘ಏನು ಮಾಡಿದಳಮ್ಮ?’

‘ಏನೂ ಮಾಡಿಲ್ಲ. ಕೂತಲ್ಲೇ ಕೂತಿರುತ್ತಾಳೆ. ನೋಡಿದರೆ ಎದೆ ಝಲ್ಲೆನ್ನುತ್ತದೆ.’

ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಹೊಟ್ಟೆನೋವು ಬಂತು. ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ತುದಿಯಲ್ಲಿ ಗೋಲಿಯಷ್ಟು ಗಡ್ಡೆ ಕಂಡಿತು. ಕ್ಯಾನ್ಸರಿನ ಹಾಗಿದೆ ಎಂದಳು ವೈದ್ಯೆ. ವ್ಯಾಪಾರಿ ನಾಳೆಯೇ ಕೊಯ್ದುಬಿಡಿ ಎಂದು ಹಟ ಹಿಡಿದ.

‘ಕೊಯ್ದರೆ ಅರ್ಧ ಗ್ರಂಥಿ ಹೋಗುತ್ತದೆ, ಯಜಮಾನರೇ. ಸಾಯುವವರೆಗೆ ಸಕ್ಕರೆ ಕಾಯಿಲೆ ಕಾಡಬಹುದು. ಇನ್ನೊಂದು ಪರೀಕ್ಷೆ ಇದೆ, ಮಾಡೋಣ.’

‘ಕ್ಯಾನ್ಸರಿನ ಹಾಗಿದೆ ಅಂತ ನೀವೇ ಅಂದಿರಲ್ಲ, ಡಾಕ್ಟರಮ್ಮ.’

‘ಹಾಗಿದೆ ಅಂದೆ. ಅದೇ ಅನ್ನಲಿಲ್ಲ.’

ಅವನ ರಕ್ತವನ್ನೇ ಸ್ವಲ್ಪ ತೆಗೆದರು. ಅದರ ಕಣಗಳಿಗೆ ಸ್ಕ್ಯಾನಿನಲ್ಲಿ ಕಾಣುವಂಥ ಗುರುತು ಹಚ್ಚಿ, ಹದವಾಗಿ ಕಾಯಿಸಿ, ಮತ್ತೆ ಮೈಗೆ ಬಿಟ್ಟರು. ಹಾಗೆ ಬಾಡಿದ ಕಣಗಳನ್ನು ಹಿಡಿದು ಸೋಸುವುದು ಗ್ರಂಥಿಯ ಪಕ್ಕದಲ್ಲಿರುವ ಗುಲ್ಮ ಎಂಬ ಅಂಗದ ಕೆಲಸ. ಗುಲ್ಮ ಹಿಡಿಯಿತು. ಗಡ್ಡೆಯೂ ಹಿಡಿಯಿತು.

ಅದು ಗುಲ್ಮದ್ದೇ ಒಂದು ಚೂರು. ವ್ಯಾಪಾರಿ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತನ್ನವರಿಂದ ಬೇರೆಯಾಗಿ, ನೆರೆಯವರಲ್ಲಿ ಉಳಿದುಬಿಟ್ಟಿತ್ತು. ನೋವು ಬಂದದ್ದು ದಿನಾ ಸಂಜೆ ತಿನ್ನುತ್ತಿದ್ದ ಬಜ್ಜಿಯಿಂದ.

ವ್ಯಾಪಾರಿ ಕೇಳಿದ: ‘ಐವತ್ತೆರಡು ವರ್ಷ ಅಲ್ಲಿ ಕೂತು ಏನು ಮಾಡುತ್ತಿತ್ತು?’

‘ತನ್ನ ಕೆಲಸ,’ ಎಂದಳು ವೈದ್ಯೆ.

ಕತೆ ಮುಗಿಯಿತು. ಶಾಂಭವಿಗೆ ಅರ್ಥವಾಗದೆ ಇರಲಿಲ್ಲ. ಆದರೂ ಅಷ್ಟಕ್ಕೇ ಸೋಲುವ ಹೆಂಗಸಲ್ಲ ಅವಳು.

‘ಗಡ್ಡೆಗಾದರೆ ಪರೀಕ್ಷೆ ಇದೆ. ಮನುಷ್ಯರಿಗೆ ಎಲ್ಲಿಂದ ತರೋಣ, ಗುರುಗಳೇ?’

‘ಅವಳು ಬಂದ ನಲವತ್ತು ದಿನದಲ್ಲಿ ಒಂದು ದಿನವಾದರೂ, ಬಾ ತಾಯಿ, ಈ ಸೊಪ್ಪು ಬಿಡಿಸಿಕೊಡು ಅಂದಿದ್ದೀಯೇನಮ್ಮ?’