ನಿಮ್ಮ ಮನೆಯೆಂದೇ ತಿಳಿಯಿರಿ

“ಗುರುಗಳೇ, ನಾಳೆಯ ಸಮಾರಂಭದಲ್ಲಿ ಕೇತಮ್ಮನನ್ನು ಅತಿಥಿಗಳ ಸಾಲಿನಲ್ಲಿ ಕೂರಿಸಲೇ, ಜನರ ನಡುವೆ ಕೂರಿಸಲೇ?” ಎಂದು ಶಿಷ್ಯ ಗುರುಪಾದ ಕೇಳಿದ.

ಆಶ್ರಮದ ವಿದ್ಯಾರ್ಥಿಗಳು ಬೆಟ್ಟದಲ್ಲಿ ಹೂತುಹೋಗಿದ್ದ ಒರತೆಯೊಂದಕ್ಕೆ ಮತ್ತೆ ಜೀವ ತಂದಿದ್ದರು. ಬೆಟ್ಟ ಸೋಲಿಗರದು. ಅವರ ಅಜ್ಜ ಮುತ್ತಜ್ಜಂದಿರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರು. ಯಾವ ಪೊದೆ ಕೀಳಬೇಕು, ಯಾವ ಬೇರಿಗೆ ಕೈ ಹಚ್ಚಬಾರದು ಎಂದು ಹುಡುಗರಿಗೆ ಕಲಿಸಿದವಳು ಸೋಲಿಗರ ಹಟ್ಟಿಯಾದ ಪೋಡಿನ ಹಿರಿಯಾಕೆ ಕೇತಮ್ಮ. ಆದರೆ ಒರತೆಯ ಬಳಿ ನೆಟ್ಟ ಕಲ್ಲಿನ ಮೇಲೆ ಕೆತ್ತಿಸಿದ್ದು ಆಶ್ರಮದ ಹೆಸರು, ನಾಳೆ ಒರತೆಯ ಉದ್ಘಾಟನೆಗೆ ಬಂದವರಿಗೆ ಸ್ವಾಗತ ಕೋರುವವನು ಗುರುಪಾದ. ಅತಿಥಿಗಳ ಸಾಲಿನಲ್ಲಿ ಆಕೆಗೂ ಜಾಗ ಕೊಡಬಹುದೆಂದು ತನಗೆ ಹೊಳೆದದ್ದಕ್ಕೆ ಅವನಿಗೆ ಒಳಗೊಳಗೇ ಹೆಮ್ಮೆ. ಗುರುಗಳು ಬೆನ್ನು ತಟ್ಟಿಯಾರೆಂದು ಕಾದ. ಗುರುಗಳ ಮುಖ ಬಿಗಿಯಿತು.

“ಒಬ್ಬ ವ್ಯಾಪಾರಿ ಜ್ವರ ಬಂದು ದಾರಿಯಲ್ಲಿ ಬಿದ್ದ,” ಎಂದು ಅವರು ಶುರುಮಾಡಿದರು. “ಒಬ್ಬ ರೈತ ಅವನನ್ನು ಮನೆಗೆ ಹೊತ್ತು ತಂದು, ಗಂಜಿ ಕುಡಿಸಿ ಬದುಕಿಸಿದ. ಮನೆಯ ಮಾಡು ಸೋರುತ್ತಿತ್ತು. ಎದ್ದು ಓಡಾಡುವಂತಾದ ವ್ಯಾಪಾರಿ, ಹುಲ್ಲು ಹೊದಿಸುವುದನ್ನು ರೈತನಿಂದಲೇ ಕಲಿತು ಮಾಡು ಸರಿಮಾಡಿದ. ಒಳ್ಳೆಯ ಕೆಲಸವೇ, ಅಲ್ಲವೆನ್ನುವವರು ಯಾರು? ಆದರೆ ಮಾಡು ಹೊದಿಸಿದವನಿಗೆ ಮನೆಯೂ ತನ್ನದೇ ಅನ್ನಿಸಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ. ರೈತ ಹೊಲದಲ್ಲಿದ್ದಾಗ ಬಾಗಿಲಿಗೆ ತೋರಣ ಕಟ್ಟಿ, ಪೇಟೆಯಿಂದ ತನ್ನವರನ್ನೆಲ್ಲ ಗೃಹಪ್ರವೇಶಕ್ಕೆ ಕರೆಸಿದ. ಸಂಜೆ ರೈತ ನೇಗಿಲು ಹೊತ್ತು ಬಂದ. ವ್ಯಾಪಾರಿ ಹೊಸ್ತಿಲಲ್ಲೇ ಕೈಮುಗಿದು, ‘ಬನ್ನಿ, ಸಂಕೋಚ ಬೇಡ, ನಿಮ್ಮ ಮನೆಯೆಂದೇ ತಿಳಿಯಿರಿ’ ಅಂದ.

“‘ತಿಳಿಯುವುದೇನು ಬಂತು ಸ್ವಾಮಿ, ನಾನು ಹುಟ್ಟಿದ್ದೇ ಈ ನಡುಮನೆಯಲ್ಲಿ’ ಅಂದ ರೈತ. ಬಂದವರು ವ್ಯಾಪಾರಿಯ ವಿನಯವನ್ನು ಕೊಂಡಾಡಿದರು. ಈ ಹಳ್ಳಿಯವನಿಗೆ ಮರ್ಯಾದೆಯೇ ಗೊತ್ತಿಲ್ಲ ಎಂದು ಮೂಗು ಮುರಿದರು.”

ಗುರುಪಾದನಿಗೆ ಮೈಯೆಲ್ಲ ಉರಿಯಿತು. ಉಂಡ ಮನೆಗೇ ಯಜಮಾನನಾಗಲು ಹೊರಟವನನ್ನು ನೆನೆದರೇ ಅವನಿಗೆ ಅಸಹ್ಯವಾಯಿತು.

“ಎಂಥ ಭಂಡನಿರಬೇಕು ಗುರುಗಳೇ ಅವನು! ಕತ್ತು ಹಿಡಿದು ಹೊರಗೆ ದಬ್ಬಬೇಕಿತ್ತು.”

ಗುರುಗಳು ಅವನನ್ನೇ ದಿಟ್ಟಿಸಿ ಹೇಳಿದರು: “ನಾಳೆ ನೀನು ಎಲ್ಲಿ ಕೂರಬೇಕೆಂದು ಹೋಗಿ ಕೇತಮ್ಮನವರನ್ನು ಕೇಳು.”